ಸೂರಕ್ಕಿಗೆ ಸೂರು ಸಿಕ್ಕಿದ್ದು

ಲೋಕ ಇನ್ನೂ ಗಂಜಿ ಹೋಗದ ಹೊಸ ಬಟ್ಟೆಯ ಹಾಗಿತ್ತು. ಯಾವ ಕಡೆ ಹರಿಯಬೇಕೆಂದು ನದಿಗಳು ದಾರಿಹೋಕರನ್ನು ಕೇಳುತ್ತಿದ್ದ ಕಾಲ ಅದು. ಹಕ್ಕಿಗಳು ಮಾತಾಡುತ್ತಿದ್ದವು, ಗಾಳಿ ಮಾತಾಡುತ್ತಿತ್ತು. ಮನುಷ್ಯರು ಈಗಿನಂತೆಯೇ ಬೇಕಾದ್ದಕ್ಕಿಂತ ಜಾಸ್ತಿ ಮಾತಾಡುತ್ತಿದ್ದರು.

ಆಗ ಒಂದು ಪುಟ್ಟ ಹೆಣ್ಣು ಹಕ್ಕಿ ಇತ್ತು. ಹೆಬ್ಬೆರಳಿಗಿಂತ ಚೂರು ದೊಡ್ಡದು, ಅಷ್ಟೇ. ಹೊಟ್ಟೆ ಹಳದಿ, ಕೊಕ್ಕು ಕುಡುಗೋಲಿನ ಹಾಗೆ ಬಾಗಿದ್ದು. ಅವಳ ಗಂಡನ ಕತ್ತು ಬಿಸಿಲಿಗೆ ನೇರಳೆಯಾಗಿ ಹೊಳೆಯುತ್ತಿತ್ತು. ಅದನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡುವುದೇ ಅವನ ಕೆಲಸ. ಗೂಡು ಕಟ್ಟುವ ಪಾಡು ಮಾತ್ರ ಅವಳದ್ದು.

ಮರಗಳಲ್ಲಿ ಒಳ್ಳೊಳ್ಳೆಯ ಜಾಗವನ್ನೆಲ್ಲ ದೊಡ್ಡ ಹಕ್ಕಿಗಳು ಹಿಡಿದಿದ್ದವು. ಕಾಗೆಗೆ ತುದಿ, ಗಿಳಿಗೆ ಪೊಟರೆ. ಇವಳು ಕೊಂಬೆಯ ತುದಿಗೆ ಗೂಡು ನೇತುಹಾಕಿದರೆ ಕೆಂಬೂತ ಬಂದು ಮೊಟ್ಟೆ ನುಂಗಿ ಹೋಯಿತು. ಪೊದೆಯೊಳಗೆ ಕಟ್ಟಿದಳು. ಅಲ್ಲಿಗೂ ಕೆಂಬೂತ ಬಂತು. ಮತ್ತೆ ಮೊಟ್ಟೆಯಿಡುವ ಹೊತ್ತು ಹತ್ತಿರವಾಯಿತು. ಎಲ್ಲಿ ಇಡುವುದು? ಅವಳಿಗೆ ಅದೊಂದೇ ಚಿಂತೆ.

ಊರಂಚಿನಲ್ಲಿ ಕೆಂಚಜ್ಜಿಯ ಮನೆ. ಅಂಗಳದಲ್ಲಿ ಕೆಂಪು ದಾಸವಾಳ ಇತ್ತು. ಚಿಂತೆಯಿದ್ದರೇನು, ಹಸಿವು ಬಿಡುತ್ತದೆಯೇ? ಹಕ್ಕಿ ಹೂವಿಗೆ ಬಂತು. ಕೆಂಚಜ್ಜಿ ನೋಡಿದಳು, ಅಷ್ಟಕ್ಕೇ ಮನಸ್ಸು ಸೋತಳು. ಮಾರನೆಯ ದಿನವೇ ರತ್ನಗಂಧಿ ನೆಟ್ಟಳು, ಬೇಲಿಯುದ್ದಕ್ಕೂ ಕನಕಾಂಬರ ಹಾಕಿದಳು. ನೇರವಾಗಿ ನೋಡಿದರೆ ಹಕ್ಕಿ ಹಾರಿಹೋಗುತ್ತದೆಂದು ಗೊತ್ತಾದ ಮೇಲೆ, ಜಗಲಿಯಲ್ಲಿ ಮೊರ ಹಿಡಿದು, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ತಲೆ ತಗ್ಗಿಸಿ, ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಆ ದಿನಗಳಲ್ಲಿ ಅವರ ಮನೆಯ ಅನ್ನದಲ್ಲಿ ಕಲ್ಲು ಸಿಗುತ್ತಿದ್ದುದು ಇದಕ್ಕೇ.

ಆದರೆ ಜೇನುಗಳಿಗೆ ಸಿಟ್ಟು. ಜೇನು ಹೂವಿನ ಬಾಗಿಲಲ್ಲಿ ಹೋಗಿ, ಮೈಗೆಲ್ಲ ಹುಡಿ ಮೆತ್ತಿಕೊಂಡು, ದುಡಿದು ಕುಡಿಯುತ್ತದೆ. ಈ ಹಕ್ಕಿ ಉದ್ದನೆಯ ಹೂವು ಕಂಡರೆ ಬುಡಕ್ಕೇ ತೂತು ಹೊಡೆದು ಹೀರುತ್ತಿತ್ತು. ಹೂವಿಗೆ ಏನೂ ಉಪಕಾರವಿಲ್ಲ.

ಜೇನುಗಳೆಲ್ಲ ಗುಂಪು ಕಟ್ಟಿಕೊಂಡು ಜಗಲಿಗೆ ಬಂದವು. "ಅಜ್ಜೀ, ಅದು ಸೂರೆ ಹಕ್ಕಿ. ಸೂರೆ ಹಕ್ಕಿ. ಅದಕ್ಕೆ ಜಾಗ ಕೊಡಬೇಡ."

ಕೆಂಚಜ್ಜಿಗೆ ಕಿವಿ ಮಂದ. ಅದರ ಮೇಲೆ ಈ ಗುಂಯ್ ಗುಂಯ್ ಬೇರೆ. ಸೂರೆ ಎಂದರೆ ಕೊಳ್ಳೆ ಹೊಡೆಯುವುದು. ಅಜ್ಜಿಗೆ ಕೇಳಿಸಿದ್ದು ಮನೆಯ ಸೂರು.

"ಸೂರಕ್ಕಿಯಾ? ಸೂರಿನ ಹಕ್ಕಿಯಾ? ಅಯ್ಯೋ ಪಾಪ, ಮತ್ತೆ ಗಿಡಗಿಡ ಯಾಕೆ ಅಲೀತೈತೆ?" ಎಂದಳು. ಹಕ್ಕಿಯತ್ತ ತಿರುಗಿ, "ಬಾರವ್ವ, ನಮ್ಮ ಸೂರು ಖಾಲಿ ಐತೆ" ಎಂದು ಕರೆದಳು.

ಒಳಗಿದ್ದ ಗಂಡ ಬೆಟ್ಟಜ್ಜನಿಗೆ ಕಿವಿ ಚೆನ್ನಾಗಿತ್ತು. ಅವನು ಬಾಯಿಗೆ ಟವಲ್ಲು ಒತ್ತಿಕೊಂಡು ನಕ್ಕನೇ ಹೊರತು ತಿದ್ದಲಿಲ್ಲ.

ಹಕ್ಕಿ ಎರಡನೆಯ ಸಲ ಕರೆಸಿಕೊಳ್ಳಲಿಲ್ಲ. ಬಾಗಿಲ ಮುಂದಿನ ಸೂರಿಗೆ ನಾರು, ಒಣ ಎಲೆ, ತೊಗಟೆಯ ಚೂರು ತಂದು ಗೂಡು ನೇತುಹಾಕತೊಡಗಿತು. ಅಜ್ಜಿ ಅದನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗಿದಳು. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಕೂಗುವ ಹಾಗೆ, "ಸೂರಕ್ಕಿ, ಸೂರಕ್ಕಿ" ಎಂದು ಕೂಗಿದಳು. ಅಲ್ಲಿಯವರೆಗೆ ಹೆಸರೇ ಇಲ್ಲದ ಹಕ್ಕಿಗೆ ಹೆಸರಾಯಿತು.

ಇದನ್ನು ಕೇಳಿ ರಾಣಿ ಜೇನು ತಾನೇ ಬಂತು. ಅಜ್ಜಿಯ ಕಿವಿಯ ಮೇಲೆ ಕೂತು ಬಿಡಿಬಿಡಿಯಾಗಿ ಹೇಳಿತು: "ಸೂರು ಅಲ್ಲ, ಸೂರೆ. ಅದು ಕೊಳ್ಳೆ ಹೊಡೆಯೋ ಹಕ್ಕಿ. ಅದಿದ್ದರೆ ನಾವು ನಿನ್ನ ತೋಟಕ್ಕೆ ಕಾಲಿಡಲ್ಲ. ಕುಂಬಳಕಾಯಿ ಹೇಗೆ ಬಿಡ್ತದೋ ನೋಡ್ಕೋ."

ಅಜ್ಜಿ ಮೊರ ಕೆಳಗಿಟ್ಟಳು. ಗೂಡಿನ ಬಾಗಿಲಲ್ಲಿ ಸೂರಕ್ಕಿ ಕತ್ತು ಚಾಚಿ ಕೇಳುತ್ತಿತ್ತು.

"ನಂಗೆ ತಪ್ಪು ಕೇಳಿಸ್ತು, ಸರಿ," ಎಂದಳು ಅಜ್ಜಿ. "ಆದ್ರೆ ತೊಟ್ಟಿಲು ತೂಗಿ ಕೂಗಿದ ಹೆಸರನ್ನ ವಾಪಸ್ ತಗೊಳ್ಳೋದುಂಟಾ? ಹೆಸರು ಕೊಟ್ಟ ಮೇಲೆ ಮನೆ ಮಗು. ಕುಂಬಳಕಾಯಿ ಇಲ್ದಿದ್ರೆ ಸೊಪ್ಪಿನ ಸಾರು ಮಾಡ್ತೀನಿ."

ರಾಣಿ ಜೇನಿಗೆ ಮೈಯೆಲ್ಲ ಉರಿಯಿತು. ಹಿಂದೆಮುಂದೆ ನೋಡದೆ ಭರ್ರನೆ ಹಾರಿತು. ಹಾರಿದ್ದು ಎಲ್ಲಿಗೆ? ದಾಸವಾಳದ ಕೊಂಬೆಗಳ ನಡುವೆ ಜೇಡ ಕಟ್ಟಿದ್ದ ಬಲೆಗೇ. ಒದ್ದಾಡಿದಷ್ಟೂ ನೂಲು ಸುತ್ತಿಕೊಂಡಿತು. ಜೇಡ ಕಾಲು ಚಾಚಿಕೊಂಡು ಇಳಿಯತೊಡಗಿತು.

ಸೂರಕ್ಕಿ ಒಂದೇ ನೆಗೆತಕ್ಕೆ ಅಲ್ಲಿತ್ತು. ಬಾಗಿದ ಕೊಕ್ಕಿನಿಂದ ಬಲೆಯನ್ನು ಸರ್ರನೆ ಸೀಳಿತು, ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಜೇಡವನ್ನೂ ನುಂಗಿತು. ರಾಣಿ ಜೇನು ಎಲೆಯ ಮೇಲೆ ಬಿದ್ದು, ರೆಕ್ಕೆ ಒರೆಸಿಕೊಂಡಿತು. ಹರಿದ ಬಲೆಯನ್ನು ಸೂರಕ್ಕಿ ಬಿಸಾಡಲಿಲ್ಲ. ಕೊಂಡೊಯ್ದು ಗೂಡಿಗೆ ಸುತ್ತಿತು. ನಾರಿಗಿಂತ ಅದೇ ಗಟ್ಟಿಯಾಗಿ ಹಿಡಿಯಿತು.

ರಾಣಿ ಜೇನು ಹಾರಿ ಗೂಡಿಗೆ ಒಂದು ಸುತ್ತು ಬಂತು. ಆಮೇಲೆ, "ಇವಳು ಜೇಡನ ಮನೆ ಸೂರೆ ಮಾಡೋದಾದರೆ ನಮ್ಮದೇನೂ ಅಡ್ಡಿಯಿಲ್ಲ" ಎಂದಿತು. ಮರುದಿನ ಬೆಳಿಗ್ಗೆ ಕುಂಬಳದ ಹೂವಿನ ತುಂಬ ಜೇನು.

ಕೆಂಬೂತವೂ ಒಮ್ಮೆ ಬಂತು. ಬಾಗಿಲಲ್ಲಿ ಮನುಷ್ಯರ ಓಡಾಟ, ಸೂರಿನಲ್ಲಿ ಬಲೆ ಹಿಡಿದ ಕಸದ ಮುದ್ದೆ. "ಈ ಅಜ್ಜಿ ಧೂಳು ಹೊಡೆಯೋದಿಲ್ಲ" ಎಂದು ಮೂಗು ಮುರಿದು ಹೋಯಿತು.

ಕೊನೆಗೊಂದು ಬೆಳಿಗ್ಗೆ ಆ ಕಸದ ಮುದ್ದೆಯಿಂದ ಮರಿಗಳು ಒಂದರ ಹಿಂದೆ ಒಂದು ಹೊರಗೆ ಹಾರಿದವು. ಕೆಂಚಜ್ಜಿ ಮೊರ ಎಸೆದು ಚಪ್ಪಾಳೆ ತಟ್ಟಿದಳು, ಅಕ್ಕಿಯೆಲ್ಲ ಅಂಗಳದ ಪಾಲು. ಬೆಟ್ಟಜ್ಜ ಟವಲ್ಲನ್ನು ತಲೆಯ ಮೇಲೆ ಬೀಸಿದ. ಸೂರಕ್ಕಿಯಂತೂ ಊರಿಗೆಲ್ಲ ಕೇಳುವ ಹಾಗೆ ಕೂಗಿತು. ಎಂಥ ಸಂತೋಷ ಅವತ್ತು!

ಅದಕ್ಕೇ ಮಗೂ, ಕಾಡು ತುಂಬ ಮರಗಳಿದ್ದರೂ ಸೂರಕ್ಕಿ ನಮ್ಮ ಬಾಗಿಲ ಮುಂದೆಯೇ ಜೇಡರ ಬಲೆ ಸುತ್ತಿದ ಗೂಡು ತೂಗುಹಾಕಿ, ನೀನು ಒಳಗೆ ಹೊರಗೆ ಓಡಾಡುವಾಗ ಚೂರೂ ಹೆದರದೆ, ಯಜಮಾನಿಯ ಹಾಗೆ ಇಣುಕಿ ನೋಡುತ್ತದೆ.