ಕರಿಗೈ ಮಡು

ಬೂದಿಗುಡ್ಡದ ಕೆಳಗಿನ ಒಣಹಳ್ಳದಲ್ಲಿ ಕಾಡು ಅಕ್ರೋಡಿನ ಮರಗಳು ಇಂದಿಗೂ ನಿಂತಿವೆ. ಮಳೆ ಬಂದರೂ ಬಾರದಿದ್ದರೂ ಕಲ್ಲುಸಂದಿಯಲ್ಲಿ ಬೇರಿಳಿಸಿ ಬದುಕುವ ಜಾತಿ ಅದು. ಕಾಯಿ ಗೋಲಿಯಷ್ಟು, ಒಡೆದರೆ ಉಗುರಿನಷ್ಟು ತಿರುಳು. ಹಸಿ ಸಿಪ್ಪೆ ಸುಲಿದ ಕೈ ಕಪ್ಪಾದರೆ ಹುಣಸೆಹಣ್ಣು ತಿಕ್ಕಿದರೂ ಬಿಡದು. ಹೊಸ ಚರ್ಮವೇ ಬರಬೇಕು. ಮರಗಳ ನಡುವಿನ ತಗ್ಗಿಗೆ ಕರಿಗೈ ಮಡು ಎಂದು ಹೆಸರು.

ಹಿಂದೆ ಒಮ್ಮೆ ಬಾವಿಗಳೆಲ್ಲ ಬತ್ತಿ ಊರಿಗೆ ಈ ಮಡುವೊಂದೇ ಉಳಿದಿತ್ತಂತೆ. ಅಕ್ರೋಡಿನ ಸಿಪ್ಪೆ ಬಿದ್ದರೆ ಮೀನು ಮತ್ತೇರಿ ತೇಲುತ್ತವೆ, ನೀರು ಕೆಡುತ್ತದೆ. ಅದಕ್ಕೇ ಮಳೆ ಬರುವತನಕ ಕಾಯಿ ಸುಲಿದವರಿಗೆ ನೀರಿಲ್ಲ ಎಂದು ಊರು ಕಟ್ಟಳೆ ಮಾಡಿತ್ತು. ಆ ಊರಿನ ಹಸಿಬಾಣಂತಿ ಗಾಳೆವ್ವನಿಗೆ ಅದು ಗೊತ್ತಿತ್ತು. ಆದರೆ ಅವಳ ಎದೆಯಲ್ಲಿ ಹಾಲು ನಿಂತಿತ್ತು, ಕಂಕುಳ ಕೂಸು ಅಳುವುದನ್ನೂ ಬಿಟ್ಟಿತ್ತು. ಮಡುವಿನಿಂದ ದೂರ, ಗುಡ್ಡದ ನೆತ್ತಿಯಲ್ಲಿದ್ದ ಅಕ್ರೋಡಿನ ಮರಕ್ಕೆ ಹೋಗಿ ಹಿಡಿಯಷ್ಟು ಕಾಯಿ ಸುಲಿದಳು. ತಿರುಳನ್ನು ಅಗಿದು ಬೆರಳಿನಿಂದ ಕೂಸಿನ ಬಾಯಿಗಿಟ್ಟಳು. ಸಿಪ್ಪೆಯನ್ನು ಅಲ್ಲೇ ಹೂತಳು. ಕೈಯನ್ನು ಎಲ್ಲಿ ಹೂಳುವುದು?

ಮರುದಿನ ಮಡುವಿನ ತುಂಬ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಿರುಗಾಳಿಗೆ ಉದುರಿದ ಕಾಯಿಗಳು ಕಲ್ಲಿಗೆ ಬಡಿದು, ಒಡೆದು, ನೀರು ಸೇರಿದ್ದವು. ತಲೆ ಎತ್ತಿದ್ದರೆ ತಿಳಿಯುತ್ತಿತ್ತು. ಊರವರು ಒಬ್ಬರ ಕೈ ಒಬ್ಬರು ನೋಡಿದರು.

“ಸೆರಗಿನಾಗ ಏನ್ ಬಂಗಾರ ಮುಚ್ಚಿದಿ? ಕೈ ತೆಗಿಯವಾ,” ಎಂದ ಊರ ಗೌಡ.

“ಸುಲಿದದ್ದು ಖರೆ ಯಪ್ಪಾ. ನೀರಿನ ಹಂತ್ಯಾಕ ಬಂದಿಲ್ಲ. ಮ್ಯಾಲ ಮರ ನೋಡ್ರಿ!”

“ಮರಕ್ಕ ಕೈ ಐತೇನ ಸುಲಿಯಾಕ?” ಎಂದಳು ಅವಳ ಅತ್ತೆ ದುರುಗವ್ವ. ಜನ ನಕ್ಕರು.

ಮಡುವಿನ ನೀರು ಕೆಟ್ಟಿದ್ದರಿಂದ ಊರವರು ಹಳ್ಳದ ಮರಳಲ್ಲಿ ಒರತೆ ತೋಡಿಕೊಂಡರು, ಕಟ್ಟಳೆ ಮುರಿದವಳನ್ನು ಹತ್ತಿರ ಬಿಡಲಿಲ್ಲ. ಗಾಳೆವ್ವ ಕೂಸನ್ನು ಮುಂದೆ ಹಿಡಿದು ಬೇಡಿದಳು: “ಇದರ ಕೈ ಬೆಳ್ಳಗೈತ್ರಿ. ಇದಕ್ಕರ ಒಂದು ಗುಟುಕು ಹಾಕ್ರಿ.”

ಗೌಡ ಬಗ್ಗಿ ನೋಡಿದ. “ತುಟಿ ಕರ್ರಗೈತಲ್ಲ. ತಿಂದದ್ದೂ ತಪ್ಪೇ.”

ತುಟಿಯ ಮಸಿ ಅವಳ ಬೆರಳಿನದೇ. ಸಂಜೆಗೆ ಕೂಸು ಮಡಿಲಲ್ಲೇ ತಣ್ಣಗಾಯಿತು. ಅವಳು ಮರಳು ತೋಡಿ ಅದನ್ನು ಮಲಗಿಸಿ, ಗುಡ್ಡ ಹತ್ತಿ ಹೋದವಳು ತಿರುಗಿ ಬರಲಿಲ್ಲ ಎನ್ನುತ್ತಾರೆ. ಮುಂದಿನ ವರ್ಷವೂ ಗಾಳಿ ಬೀಸಿತು, ಮೀನು ತೇಲಿದವು. ಕಪ್ಪು ಕೈ ಊರಲ್ಲಿ ಒಂದೂ ಇರಲಿಲ್ಲ. ಆಗ ಮರ ನೋಡಿದರು.

ಮಡುವಿನ ಕಡೆ ಹೋದವರಿಗೆ ಈಗ ಅಲ್ಲಿ ಎರಡು ಅಂಗೈ ಕೆತ್ತಿದ ಕಲ್ಲು ಕಾಣುತ್ತದೆ. ಕೂಸಿಗೆ ಗುರುತೇನೂ ಇಲ್ಲ. ಮಡುವಿನಲ್ಲಿ ನೀರೂ ಇಲ್ಲ. ಅಂದು ಗುಟುಕು ಕೊಡದವರ ಮರಿಮಕ್ಕಳು ಊರಿಂದ ಕೊಡಗಟ್ಟಲೆ ನೀರು ಹೊತ್ತು ತಂದು ಕಲ್ಲಿನ ಮೇಲೆ ಸುರಿಯುತ್ತಾರೆ. ಅವರು ಕೈಮುಗಿದು ಏಳುವಷ್ಟರಲ್ಲಿ ಕಲ್ಲು ಒಣಗಿರುತ್ತದೆ.