ಬೆರಳೆತ್ತಿದರೆ ಬೊಗಳುವ ನಾಯಿ

“ಅಜ್ಜಾರ, ದುಂಡಯ್ಯ ಮಠಕ್ಕ ಬಂದು ಎರಡು ಮಳೆಗಾಲ ಆಗಿಲ್ಲ. ನೀವು ಕೈ ಎತ್ತಿದ್ರ ಸಾಕು, ಭಕ್ತರ ಮುಂದ ಸರಾಗ ವಚನ ಹೇಳ್ತಾನ. ಎಲ್ಲಾರೂ ಅವನ್ನೇ ಹೊಗಳ್ತಾರ. ನಂಗ ತಡಕೊಳ್ಳಾಕ ಆಗವಲ್ದು. ನನಗ್ಯಾಕ ಅದನ್ನ ಕಲಿಸಲಿಲ್ಲ?”

ಕೇಳಿದವನು ಮರುಳಯ್ಯ. ಮಠದ ದಾಸೋಹದಲ್ಲಿ ಊಟದ ಪಂಕ್ತಿ ನೋಡಿಕೊಳ್ಳುವ ಹಳೆಯ ಶಿಷ್ಯ. ಯಾರ ಎಲೆ ಬರಿದಾದರೂ, ಉಣ್ಣುವವರು ಬಾಯಿ ಬಿಡುವ ಮೊದಲೇ “ಇಲ್ಲಿ ನೀಡ್ರಿ” ಎಂದು ಕೂಗುವವನು. ಮಠದ ಸ್ವಾಮಿಗಳಾದ ಅಜ್ಜ ಅವನ ಮುಖ ನೋಡಿ, ಕೂರಲು ಹೇಳಿ, ಒಂದು ಕತೆ ಹೇಳಿದರು.

ಇಬ್ಬರು ಕುರಿಗಾರರು ಒಂದೇ ಬಯಲಿನಲ್ಲಿ ಮಂದೆ ನಿಲ್ಲಿಸುತ್ತಿದ್ದರು. ಕಿರಿಯ ಕುರಿಗಾರನ ನಾಯಿ, ಒಡೆಯ ಬೆರಳೆತ್ತಿದರೆ ಬೊಗಳುತ್ತಿತ್ತು, ಇಳಿಸಿದರೆ ಸುಮ್ಮನಾಗುತ್ತಿತ್ತು. ಜನ ಕೆಲಸ ಬಿಟ್ಟು ನೋಡಲು ಬರುತ್ತಿದ್ದರು. ಕೊಯ್ಲಾದ ಹೊಲಕ್ಕೆ ಗೊಬ್ಬರ ಬೀಳಲೆಂದು ಮಂದೆ ಕರೆಯುವ ರೈತರೂ ಅವನನ್ನೇ ಮೊದಲು ಕರೆಯತೊಡಗಿದರು. ಅವರ ಹೊಲಕ್ಕೆ ಬೇಕಾದದ್ದು ಹಿಕ್ಕೆ, ಬೊಗಳಿಕೆಯಲ್ಲ. ಆದರೂ ಕರೆದರು.

ಹಿರಿಯ ಕುರಿಗಾರನ ನಾಯಿಗೆ ಆಟ ಬರುತ್ತಿರಲಿಲ್ಲ. ತೋಳದ ವಾಸನೆ ಬಂದರೆ ಮಾತ್ರ ಬಯಲೆಲ್ಲ ಎಚ್ಚರಾಗುವಂತೆ ಬೊಗಳುತ್ತಿತ್ತು. ಅದನ್ನು ನೋಡಲು ಯಾರು ಬರುತ್ತಾರೆ? ಹಿರಿಯನ ಹೊಟ್ಟೆಗೆ ಕಿಚ್ಚು ಬಿತ್ತು. ತನ್ನ ನಾಯಿಗೂ ಕಲಿಸಲು ಕೂತ.

ಬೆರಳೆತ್ತಿ ರೊಟ್ಟಿಯ ಚೂರು ತೋರಿಸುವುದು, ಬೊಗಳಿದರೆ ಕೊಡುವುದು. ನಾಯಿ ಬೇಗ ಕಲಿಯಿತು. ಆದರೆ ಬೆರಳೆತ್ತದೆ ಇದ್ದಾಗಲೂ ತನಗೆ ಬೇಕೆನಿಸಿದಂತೆ ಬೊಗಳುತ್ತಿತ್ತು. ಜನರ ಮುಂದೆ ಹಾಗಾದರೆ ಕಿರಿಯನೆದುರು ನಗೆಪಾಟಲು. ಅದಕ್ಕೇ ತಾನು ಬೆರಳೆತ್ತದೆ ಅದು ಬೊಗಳಿದಾಗಲೆಲ್ಲ ಕೋಲಿನಿಂದ ಬಾರಿಸಿದ.

“ಯಾವಾಗ ಒದರಬೇಕು ಅಂತ ಅದಕ್ಕ ಗೊತ್ತೈತಿ. ನೀ ಏನ್ ಕಲಿಸ್ತಿ?” ಎಂದಳು ಹೆಂಡತಿ.

“ಅವನ ನಾಯಿಕಿಂತ ನಂದೇನ್ ಕಡಿಮಿ?” ಎಂದ ಅವನು.

ಹುಲಿಯನ್ನು ಕಂಡು ನರಿ ಮೈ ಸುಟ್ಟುಕೊಂಡ ಗಾದೆ ಅವನಿಗೂ ಗೊತ್ತಿತ್ತು. ಗಾದೆ ಯಾವಾಗಲೂ ಬೇರೆಯವರಿಗೆ ತಾನೆ.

ಒಂದು ಸಂಜೆ ಜನ ಮತ್ತೆ ಕಿರಿಯನ ನಾಯಿಯ ಸುತ್ತ ಸೇರಿದರು. ಹಿರಿಯ ತನ್ನ ಮಂದೆಗೆ ಬೆನ್ನು ಹಾಕಿ, ದೂರದಿಂದ ಅದನ್ನೇ ನೋಡುತ್ತ ಹಲ್ಲು ಕಡಿಯುತ್ತಿದ್ದ. ಹಳ್ಳದ ಕಡೆಯಿಂದ ತೋಳಗಳು ಬಂದವು. ನಾಯಿ ಕಂಡಿತು. ಅದರ ಬೆನ್ನಿನ ಕೂದಲು ನೆಟ್ಟಗಾದವು. ಓಡಿ ಬಂದು ಒಡೆಯನ ಮುಂದೆ ಕೂತು, ಅವನ ಕೈಯನ್ನೇ ನೋಡಿತು. ಅವನು ಕಾಲಿನಿಂದ ಅದನ್ನು ಪಕ್ಕಕ್ಕೆ ಸರಿಸಿದ.

ಕುರಿಗಳು ಚದುರಿದ ಸದ್ದಿಗೆ ತಿರುಗಿದಾಗ ಮರಿಗಳನ್ನು ಕೂಡಿಹಾಕಿದ್ದ ಬಲೆ ಹರಿದಿತ್ತು. ಒಳಗೆ ಒಂದು ಮರಿಯೂ ಇರಲಿಲ್ಲ. ಅವನು ಎರಡೂ ಕೈ ತಲೆಯ ಮೇಲೆ ಹೊತ್ತ. ಕೈ ಮೇಲೆದ್ದದ್ದನ್ನು ಕಂಡು ನಾಯಿ ಬೊಗಳಿತು.

ಮರುಳಯ್ಯ ನಿಟ್ಟುಸಿರು ಬಿಟ್ಟ. “ಎಂಥಾ ದಡ್ಡ, ಅಜ್ಜಾರ.”

ಅಜ್ಜ ಮೆಲ್ಲಗೆ ಕೇಳಿದರು: “ಇವತ್ತ ಪಂಕ್ತಿಯಿಂದ ಒಬ್ಬಾಕಿ ಮುದುಕಿ ನೀಡ್ತಾರಂತ ಕಾದು ಕಾದು ಬರೇ ಎಲಿ ಬಿಟ್ಟು ಎದ್ದು ಹೋದ್ಲು, ಮರುಳಯ್ಯ, ಆಗ ನಿನ್ನ ಕಣ್ಣು ಯಾರ ಮ್ಯಾಲಿತ್ತು?”