ಕೋಡಿಲ್ಲದ ಗುರು

ಒಂದು ಹಿಂಡಿನಲ್ಲಿ ಬೋಳವ್ವ ಎಂಬ ಮುದಿ ಕುರಿ ಇತ್ತು. ಅದಕ್ಕೆ ಕೋಡೇ ಇರಲಿಲ್ಲ. ಆದರೂ ಎಳೆಯ ಟಗರುಗಳಿಗೆ ಕಾಳಗ ಕಲಿಸುತ್ತಿದ್ದದ್ದು ಅದೇ. ಹಲವು ಕಾಳಗ ಗೆದ್ದು ಈಗ ವಯಸ್ಸಾಗಿದ್ದ ಸಿಡಿಲ ಎಂಬ ಟಗರಿಗೆ ಇದು ಹಿಡಿಸಲಿಲ್ಲ.

“ಒಂದು ಗುದ್ದೂ ತಿನ್ನದ ನೀನು ಏನು ಕಲಿಸುತ್ತೀಯವ್ವ?” ಎಂದಿತು.

“ಗುದ್ದುವಾಗ ನೀನು ಕಣ್ಣು ಮುಚ್ಚುತ್ತಿದ್ದೆಯಪ್ಪ. ನಾನು ದೂರ ನಿಂತು ಎಲ್ಲವನ್ನೂ ನೋಡುತ್ತಿದ್ದೆ. ಕಂಡದ್ದನ್ನು ಕಲಿಸುತ್ತೇನೆ,” ಎಂದಿತು ಬೋಳವ್ವ.

ಆ ಬೇಸಿಗೆಯಲ್ಲಿ ಬೇರೆ ಹಿಂಡಿನ ಟಗರೊಂದು ನೀರಿನ ಹೊಂಡಕ್ಕೆ ಅಡ್ಡ ನಿಂತಿತು. ಮರಿಗಳು ಬಾಯಾರಿ ಅರಚತೊಡಗಿದವು. ಬೋಳವ್ವನ ಶಿಷ್ಯ ಕೆಂಚ ಮುಂದೆ ಹೋಗಿ, ಹೇಳಿಕೊಟ್ಟಂತೆಯೇ ಹಿಂದೆ ಸರಿದು, ಓಡಿಬಂದು ಗುದ್ದಿತು. ಗುದ್ದು ಸರಿಯಾಗಿಯೇ ಬಿತ್ತು. ಆದರೆ ತಲೆ ಗುಂಯ್ ಎಂದು ಕೆಂಚ ದಿಕ್ಕುತೋಚದೆ ನಿಂತುಬಿಟ್ಟಿತು. ಎದುರಾಳಿ ಮತ್ತೆ ಓಡಿಬರಲು ಸಜ್ಜಾಗುತ್ತಿತ್ತು.

“ಪಕ್ಕಕ್ಕೆ ಸರಿ, ಮಗನೇ!” ಎಂದು ಬೋಳವ್ವ ಕೂಗಿತು. ಕೆಂಚ ಕದಲಲಿಲ್ಲ.

“ಹೆದರಬೇಡ, ಎಲ್ಲರಿಗೂ ಹಾಗೇ ಆಗುತ್ತದೆ! ಜೋರಾಗಿ ಉಸಿರು ಬಿಡು, ತಲೆ ತಿಳಿಯಾಗುತ್ತದೆ!” ಎಂದು ಸಿಡಿಲ ಅರಚಿತು.

ಕೆಂಚ ಉಸಿರು ಬಿಟ್ಟಿತು, ಪಕ್ಕಕ್ಕೆ ಸರಿಯಿತು. ಎದುರಾಳಿ ಗುರಿ ತಪ್ಪಿ ಕೆಸರಿಗೆ ಬಿದ್ದು, ಎದ್ದು ಬಂದ ದಾರಿ ಹಿಡಿಯಿತು.

ಹಿಂಡು ನೀರು ಕುಡಿಯುತ್ತಿದ್ದಾಗ ಬೋಳವ್ವ ಸಿಡಿಲನ ಬಳಿಗೆ ಬಂತು. “ತಲೆ ಹಾಗೆ ಗುಂಯ್ ಎನ್ನುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾಳೆಯಿಂದ ಪಾಠಕ್ಕೆ ನೀನೂ ಬಾರಪ್ಪ,” ಎಂದಿತು.



“ಬರುತ್ತೇನವ್ವ. ಆದರೆ ಪಕ್ಕಕ್ಕೆ ಸರಿಯುವುದನ್ನು ಮೊದಲು ನನಗೆ ಹೇಳಿಕೊಡು. ನಾನು ಒಮ್ಮೆಯೂ ಸರಿದವನಲ್ಲ,” ಎಂದಿತು ಸಿಡಿಲ.